ಯಂತ್ರದ ದನಿಗೂ ಒಂದು ಗಂಟಲಿತ್ತು

ರೋಬೋಟ್ ದನಿ ಅಂದ ಕೂಡಲೇ ನಾವೆಲ್ಲ ಮೂಗು ಹಿಡಿದುಕೊಂಡು, ಒಂದೊಂದೇ ಅಕ್ಷರ ಕತ್ತರಿಸಿ ಮಾತಾಡಿ ನಗಿಸುತ್ತೇವೆ. ನಾನೂ ಮಾಡಿದ್ದೇನೆ. ಸಿನಿಮಾ, ಹಾಡುಗಳು ನಮಗೆ ಕಲಿಸಿದ್ದೂ ಅದನ್ನೇ. ಭಾವನೆ ಇಲ್ಲ ಅಂತ ತೋರಿಸಬೇಕಾ? ಕಂಪ್ಯೂಟರ್ ದನಿ ಹಾಕು!

ರೇಡಿಯೋಹೆಡ್ ತಂಡದ ‘ಓಕೆ ಕಂಪ್ಯೂಟರ್’ (1997) ಆಲ್ಬಮ್ಮಿನಲ್ಲಿ ‘ಫಿಟ್ಟರ್ ಹ್ಯಾಪಿಯರ್’ ಅಂತ ಒಂದಿದೆ. ಮ್ಯಾಕಿಂಟಾಶ್ ಕಂಪ್ಯೂಟರಿನ ದನಿ, ಒಳ್ಳೆಯ ಬದುಕು ಹೇಗಿರಬೇಕು ಅಂತ ಪಟ್ಟಿ ಓದುತ್ತಾ ಹೋಗುತ್ತದೆ. ಕೇಳಿದರೆ ಮೈ ತಣ್ಣಗಾಗುತ್ತದೆ.

ಆದರೂ "ಯಂತ್ರದ ದನಿಗೆ ಜೀವ ಇಲ್ಲ" ಅನ್ನೋ ಮಾತನ್ನು ನಾನೀಗ ಒಪ್ಪುವುದಿಲ್ಲ. ಅದಕ್ಕೆ ಕಾರಣ ಪಿಂಕ್ ಫ್ಲಾಯ್ಡ್‌ನ ‘ಕೀಪ್ ಟಾಕಿಂಗ್’ (1994). ಗಿಟಾರಿನ ನಡುವೆ ಕೇಳುವ ಆ ಯಂತ್ರದ ದನಿ ಸ್ಟೀಫನ್ ಹಾಕಿಂಗ್ ಅವರದ್ದು. ಬ್ರಿಟನ್ನಿನ ಟೆಲಿಫೋನ್ ಜಾಹೀರಾತೊಂದರಿಂದ ಎತ್ತಿಕೊಂಡಿದ್ದು. 1985ರಲ್ಲಿ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ಹಾಕಿಂಗ್ ಮಾತು ಕಳೆದುಕೊಂಡಿದ್ದರು. ಹಾಡಲ್ಲಿ ಅವರು ಹೇಳುವುದೂ ಮಾತಿನ ಬಗ್ಗೆಯೇ. ಅದೇ ಸಪಾಟು ದನಿ, ಆದರೆ ಇಲ್ಲಿ ಗಂಟಲು ಕಟ್ಟುತ್ತದೆ.

ಆ ದನಿ ಬಂದಿದ್ದೆಲ್ಲಿಂದ ಗೊತ್ತಾ? ಎಂಐಟಿಯ ಡೆನಿಸ್ ಕ್ಲಾಟ್ ಎಂಬ ವಿಜ್ಞಾನಿಯಿಂದ. ಕಂಪ್ಯೂಟರಿಗೆ ಮಾತು ಕಲಿಸುವಾಗ ಅವರು ತಮ್ಮ ದನಿಯನ್ನೇ ಅಳತೆಗೆ ಇಟ್ಟುಕೊಂಡರು. ಮುಂದೆ ಕ್ಯಾನ್ಸರ್ ಬಂದು ಅವರ ದನಿಯೇ ಕುಸಿಯಿತು. 1988ರಲ್ಲಿ ತೀರಿಕೊಂಡರು. ಅವರ ದನಿ ಮಾತ್ರ ಇನ್ನೊಬ್ಬರ ಬಾಯಾಗಿ 2018ರ ತನಕ ಮಾತಾಡಿತು! ಅಷ್ಟರಲ್ಲಿ ಎಷ್ಟೋ ನಯವಾದ ದನಿಗಳು ಬಂದಿದ್ದವು. ಹಾಕಿಂಗ್ ಬದಲಾಯಿಸಲಿಲ್ಲ. ಅದೇ ಅವರ ಗುರುತಾಗಿತ್ತು.

ಇದರ ಪಕ್ಕದಲ್ಲಿ ಸಿನಿಮಾದ ಕಥೆ ಇಟ್ಟು ನೋಡಿ. 1961ರಲ್ಲಿ ಬೆಲ್ ಲ್ಯಾಬ್ಸ್‌ನ ಐಬಿಎಂ ಕಂಪ್ಯೂಟರ್ ‘ಡೈಸಿ ಬೆಲ್’ ಹಾಡಿತ್ತು. ‘2001: ಎ ಸ್ಪೇಸ್ ಒಡಿಸ್ಸಿ’ (1968) ಚಿತ್ರದಲ್ಲಿ ಹಾಲ್ ಎಂಬ ಕೊಲೆಗಾರ ಕಂಪ್ಯೂಟರ್ ಸಾಯುತ್ತಾ ಹಾಡುವುದೂ ಅದನ್ನೇ. ಆದರೆ ಹಾಲ್‌ನ ದನಿ ಯಂತ್ರದ್ದಲ್ಲ, ಕೆನಡಾದ ನಟ ಡಗ್ಲಾಸ್ ರೈನ್ ಅವರದ್ದು. ಅಂದರೆ ತೆರೆಯ ಮೇಲೆ ಹೆದರಿಸಿದ್ದು ಮನುಷ್ಯನ ದನಿ, ಹಾಡಿನಲ್ಲಿ ಅಳಿಸಿದ್ದು ಯಂತ್ರದ ದನಿ :)

ದನಿ ಎಷ್ಟು ನಯವಾಗಿದೆ ಅನ್ನುವುದರಲ್ಲಿ ಜೀವ ಇಲ್ಲ. ಯಾರು, ಏನು ಹೇಳಲು ಅದನ್ನು ಬಳಸುತ್ತಾರೆ ಅನ್ನುವುದರಲ್ಲಿದೆ. ರೋಬೋಟ್ ಅಂತ ನಾವು ಅಣಕಿಸುವ ದನಿ ಬಿಟ್ಟರೆ ಬೇರೆ ದನಿಯೇ ಇಲ್ಲದವರು ಎಷ್ಟೋ ಜನ ಇದ್ದಾರೆ. ಮೂಗು ಹಿಡಿದುಕೊಳ್ಳುವುದನ್ನು ನಾನಂತೂ ಬಿಟ್ಟಿದ್ದೇನೆ. ನೀವೇನಂತೀರಿ?