32 ಕಿಲೋಬೈಟ್ ಸಾಲದೆ?

ನಂಜನಗೂಡು, ತಿ. ನರಸೀಪುರದ ಶಾಲೆಗಳಿಗೆ ಹೋದಾಗಲೆಲ್ಲ ಶಿಕ್ಷಕರದು ಒಂದೇ ಮಾತು: "ಸಾರ್, ಕಂಪ್ಯೂಟರ್ ಹಳೆಯದು, ಅದರಲ್ಲಿ ಏನು ಕಲಿಸೋದು?" ನಾನಿದನ್ನು ಒಪ್ಪುವುದಿಲ್ಲ. 1984ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಡಿ ದೇಶದ ಕೆಲವು ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೋ. ವೇಗ 2 ಮೆಗಾಹರ್ಟ್ಸ್; ಸ್ಮೃತಿ ಕೇವಲ 32 ಕಿಲೋಬೈಟ್. ಇಂದಿನ ಮೊಬೈಲಿನ 3 ಮೆಗಾಬೈಟ್ ಫೋಟೋ ಒಂದನ್ನು ತುಂಬಿಸಲು ಅಂಥ 96 ಯಂತ್ರ ಬೇಕು!

ಆದರೂ ಅದೇ ವರ್ಷ ಅದಕ್ಕೆಂದು ಬಂದ 'ಎಲೀಟ್' ಆಟದಲ್ಲಿ 8 ಗೆಲಾಕ್ಸಿಗಳು, ಒಂದೊಂದರಲ್ಲೂ 256 ಲೋಕಗಳಿದ್ದವು. ಅವುಗಳ ಹೆಸರು, ಸ್ಥಾನಗಳ ಪಟ್ಟಿಯನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಮೂರೇ ಸಂಖ್ಯೆಗಳಿಂದ ಹೊರಟು, ಬೇಕಾದಾಗ ಯಂತ್ರ ಲೆಕ್ಕ ಹಾಕಿ ತೆಗೆಯುತ್ತಿತ್ತು. ನಾವೋ, ಮಕ್ಕಳಿಂದ ಇನ್ನೂ ಪಟ್ಟಿಯನ್ನೇ ಬಾಯಿಪಾಠ ಮಾಡಿಸುತ್ತಿದ್ದೇವೆ.

ಗುಜರಿಗೆ ಹಾಕುವ ಮುನ್ನ ನಿಮ್ಮ ಕಂಪ್ಯೂಟರಿನ ಸ್ಮೃತಿ ಎಷ್ಟೆಂದು ಮಕ್ಕಳೇ ಪುಸ್ತಿಕೆಯಲ್ಲಿ ಹುಡುಕಲಿ, 32ರಿಂದ ಭಾಗಿಸಲಿ. ಈ ಪಾಠಕ್ಕೆ ಕರೆಂಟೂ ಬೇಡ.