‘ರೇಸಿಂಗ್’ ಅಂತ ಬರೆದಿದ್ದರೆ ಬ್ರೇಕ್ ಹಿಡಿಯುತ್ತಾ?

ಫಾರ್ಮುಲಾ ಭಾರತ್, ಸುಪ್ರಾ, ಬಾಹಾ... ಸ್ಪರ್ಧೆ ಯಾವುದೇ ಇರಲಿ, ಕಾಲೇಜಿನಲ್ಲಿ ಕಾರು ಕಟ್ಟುವ ತಂಡಗಳಲ್ಲಿ ಒಂದು ಚರ್ಚೆ ನಡೆದೇ ನಡೆಯುತ್ತದೆ: ಯಾವ ಬ್ರೇಕ್ ಪ್ಯಾಡ್ ಹಾಕೋಣ? ಚಾಸಿ, ಎಂಜಿನ್‌ಗೆ ವಾರಗಟ್ಟಲೆ ಲೆಕ್ಕ ಹಾಕುವವರೇ ಇಲ್ಲಿಗೆ ಬಂದಾಗ ‘ಇರೋದರಲ್ಲಿ ದುಬಾರಿ ರೇಸಿಂಗ್ ಪ್ಯಾಡ್ ತಂದ್ಬಿಡೋಣ’ ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ.

ಬ್ರೇಕಿನ ಕೆಲಸ ಕಾರಿನ ಚಲನಶಕ್ತಿಯನ್ನು ಶಾಖವಾಗಿ ಬದಲಿಸುವುದು. ಚಾಲಕನೂ ಸೇರಿ 300 ಕೆ.ಜಿ. ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ನಿಂತರೆ ಹುಟ್ಟುವ ಶಾಖ ಸುಮಾರು 42 ಕಿಲೋಜೂಲ್. 1,200 ಕೆ.ಜಿ.ಯ ಕಾರು 100 ಕಿ.ಮೀ. ವೇಗದಿಂದ ನಿಂತರೆ ಸುಮಾರು 463 ಕಿಲೋಜೂಲ್. ಹನ್ನೊಂದು ಪಟ್ಟು! ಭಾರದ ರೇಸ್ ಕಾರಿಗೆಂದು ಮಾಡಿದ ಪ್ಯಾಡ್ ಚೆನ್ನಾಗಿ ಬಿಸಿಯಾದ ಮೇಲೇ ಗಟ್ಟಿಯಾಗಿ ಹಿಡಿಯುವುದು. ನಮ್ಮ ಹಗುರ ಕಾರು ಅದನ್ನು ಅಷ್ಟು ಬಿಸಿ ಮಾಡುವುದೇ ಇಲ್ಲ. ಬ್ರಿಟನ್ನಿನಲ್ಲಿ ಬಿಡಿಭಾಗಗಳ ಕಿಟ್ ತಂದು ಮನೆಯಲ್ಲೇ ಜೋಡಿಸುವ ಕೇಟರ್‌ಹ್ಯಾಮ್ ಸೆವೆನ್‌ನಂಥ ಕಾರುಗಳಿಗೂ ಇದೇ ಪೇಚು.

ಸ್ಪರ್ಧೆಯ ಬ್ರೇಕ್ ಪರೀಕ್ಷೆಯಲ್ಲಿ ಕಾರು ಸ್ವಲ್ಪ ದೂರ ಓಡಿ, ಪೆಡಲ್ ಒತ್ತಿದಾಗ ನಾಲ್ಕೂ ಚಕ್ರ ಲಾಕ್ ಆಗಬೇಕು. ಆಗದಿದ್ದರೆ ಟ್ರ್ಯಾಕಿಗೆ ಪ್ರವೇಶವಿಲ್ಲ. ಆ ಹೊತ್ತಿಗೆ ಡಿಸ್ಕ್ ಹೆಚ್ಚುಕಮ್ಮಿ ತಣ್ಣಗೇ ಇರುತ್ತದೆ. ವರ್ಷವಿಡೀ ನಿದ್ದೆಗೆಟ್ಟು ಕಟ್ಟಿದ ಕಾರು, ಪ್ರಾಯೋಜಕರ ಕೈಕಾಲು ಹಿಡಿದು ತಂದ ದುಡ್ಡು ಅಲ್ಲೇ ನಿಂತುಬಿಡಬಹುದು.

ಹಾಗಾದರೆ ಏನು ನೋಡಬೇಕು? ಹಲವು ಪ್ಯಾಡ್‌ಗಳ ಮೇಲೆ ಎರಡು ಇಂಗ್ಲಿಷ್ ಅಕ್ಷರ ಅಚ್ಚಾಗಿರುತ್ತವೆ. ಮೊದಲನೆಯದು ಸಾಮಾನ್ಯ ತಾಪಮಾನದಲ್ಲಿ, ಎರಡನೆಯದು ಹೆಚ್ಚು ಬಿಸಿಯಲ್ಲಿ ಸಿಗುವ ಘರ್ಷಣಾ ಗುಣಾಂಕ. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ನಮಗೆ ಮುಖ್ಯ ಮೊದಲ ಅಕ್ಷರ. ಇದು ಪ್ರಯೋಗಾಲಯದಲ್ಲಿ ಸಣ್ಣ ತುಂಡೊಂದನ್ನು ಉಜ್ಜಿ ಕೊಟ್ಟ ಅಂಕ ಎಂಬುದೂ ನೆನಪಿರಲಿ. ಅಂಕಪಟ್ಟಿ ನೋಡಿ ಹುಡುಗನ ಬುದ್ಧಿ ಅಳೆದಷ್ಟೇ ಭರವಸೆ!

‘22 ಕಿ.ಮೀ.ನ ಎಂಡ್ಯೂರೆನ್ಸ್ ಓಟದಲ್ಲಿ ಬಿಸಿಯಾಗಲ್ವಾ?’ ಎಂದು ಸೀನಿಯರ್‌ಗಳು ಕೇಳುವುದು ಸರಿಯೇ. ಆದರೆ ಎಷ್ಟು ಬಿಸಿ? ಡಿಸ್ಕಿಗೆ ತಾಪಮಾನ ತೋರಿಸುವ ಬಣ್ಣ ಬಳಿದು ನಾಲ್ಕು ಸುತ್ತು ಓಡಿಸಿದರೆ ಉತ್ತರ ಸಿಗುತ್ತದೆ. ಇನ್ನೊಂದು ವಿಷಯ: ಹಿಂದಿನ ಪ್ಯಾಡ್ ಮಾತ್ರ ಹೆಚ್ಚು ಹಿಡಿತದ್ದಾದರೆ ಹಿಂಚಕ್ರ ಮೊದಲು ಲಾಕ್ ಆಗಿ ಕಾರು ಗಿರ್ರನೆ ತಿರುಗಬಹುದು. ಒಂದು ಕಡೆ ಬದಲಿಸಿದರೆ ಮುಂದೆ ಹಿಂದೆ ಎರಡರ ಲೆಕ್ಕವನ್ನೂ ಮತ್ತೆ ಹಾಕಲೇಬೇಕು.

ಹೊಸ ಪ್ಯಾಡ್ ಡಿಸ್ಕಿನೊಂದಿಗೆ ಪಳಗಲೂ ಹತ್ತಾರು ಬಾರಿ ಬ್ರೇಕ್ ಹಾಕಿ ಓಡಿಸಬೇಕು. ಇದಕ್ಕೆ ಬೇಕಾದದ್ದು ದುಡ್ಡಲ್ಲ, ಜಾಗ. ಬಿಡಿಭಾಗದ ಬಿಲ್ಲಿಗೆ ಸಹಿ ಹಾಕುವ ಎಷ್ಟೋ ಕಾಲೇಜುಗಳು ಓಡಿಸಿ ನೋಡಲು ಜಾಗ ಕೇಳಿದರೆ ಮುಖ ತಿರುಗಿಸುತ್ತವೆ. ಹೆಲ್ಮೆಟ್ ಹಾಕುತ್ತೇವೆ, ಮೇಷ್ಟ್ರೂ ಜೊತೆಗಿರಲಿ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಕ್ಯಾಂಪಸ್ಸಿನ ಖಾಲಿ ರಸ್ತೆ ಬಿಟ್ಟುಕೊಡಿ.