ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ನಮ್ಮ ಶಾಲೆಗೂ ಬರುತ್ತದೆ. ಕಣ್ಣು, ಹಲ್ಲು, ತೂಕ, ರಕ್ತಹೀನತೆ ಎಲ್ಲ ನೋಡುತ್ತಾರೆ. ಶಿಕ್ಷಕಿಯಾಗಿ ಅವರಲ್ಲಿ ನನ್ನದೊಂದು ಕೋರಿಕೆ: ಮಕ್ಕಳ ಚಪ್ಪಲಿ ಬಿಡಿಸಿ, ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಿ. ಮುಂಗಾಲು ಎತ್ತಲಾಗದ, ಅಂಗಾಲಿನ ಗುಳಿ ತೀರಾ ಆಳವಾಗಿರುವ, ಕಾಲ್ಬೆರಳು ಮಡಚಿಕೊಂಡಿರುವ ಮಗು ಕಂಡರೆ ನರರೋಗ ತಜ್ಞರ ಬಳಿ ಕಳಿಸಿ.

ಇಂಥ ಲಕ್ಷಣಗಳೊಡನೆ ನನಗೂ ನನ್ನ ಅಪ್ಪನಿಗೂ ಬಂದದ್ದು ಶಾರ್ಕೋ-ಮರಿ-ಟೂತ್ ಕಾಯಿಲೆ, ಚುಟುಕಾಗಿ ಸಿಎಂಟಿ. 1886ರಲ್ಲಿ ಇದನ್ನು ವಿವರಿಸಿದ ಮೂವರು ವೈದ್ಯರ ಹೆಸರೇ ಇದಕ್ಕಿದೆ. ಸುಮಾರು 2,500 ಜನರಲ್ಲಿ ಒಬ್ಬರಿಗೆ ಇರುತ್ತದೆ ಎಂಬುದು ಸಾಮಾನ್ಯ ಅಂದಾಜು. ಆದರೂ ಹೆಸರು ಕೇಳಿದವರೇ ವಿರಳ. ಕೈಕಾಲಿಗೆ ಹೋಗುವ ನರಗಳು ತುದಿಯಿಂದ ಸೊರಗುತ್ತ ಬರುತ್ತವೆ.

ಅಪ್ಪ ಸಮತಟ್ಟು ನೆಲದಲ್ಲೇ ಎಡವುತ್ತಿದ್ದರು, ಮೆಟ್ಟಿಲು ಹತ್ತುವವರ ಹಾಗೆ ಮಂಡಿ ಎತ್ತಿ ನಡೆಯುತ್ತಿದ್ದರು. ಒಂದು ತೊಟ್ಟೂ ಕುಡಿಯದವರನ್ನು ಊರು ಕುಡುಕ ಎಂದಿತು. ಹವಾಯಿ ಚಪ್ಪಲಿ ಕಳಚಿ ಹಿಂದೆ ಬಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಜಾತ್ರೆಯಲ್ಲಿ ಕಾದ ಕಲ್ಲುಹಾಸಿನ ಮೇಲೆ ನಡೆದು ಅಂಗಾಲಲ್ಲಿ ಬೊಬ್ಬೆ ಎದ್ದದ್ದನ್ನು ಅಮ್ಮನೇ ನೋಡಿ ಹೇಳಬೇಕಾಯಿತು. ಆಮೇಲೆ ಕುಷ್ಠವಿರಬಹುದು ಎಂಬ ಸುದ್ದಿ ಹಬ್ಬಿತು. ಕುಷ್ಠದಲ್ಲೂ ನರ ದಪ್ಪವಾಗುತ್ತದೆ, ಪಾದ ಜೋತು ಬೀಳುತ್ತದೆ, ಹಾಗಾಗಿ ವೈದ್ಯರಿಗೂ ಅನುಮಾನ ಬರುವುದುಂಟು. ಔಷಧದಿಂದ ಪೂರ್ತಿ ಗುಣವಾಗುವ ಆ ಕಾಯಿಲೆಯ ಹೆಸರಿಗೇ ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನು ನೆಂಟರು ಬಿಟ್ಟರು. ಅಪ್ಪ ಅದನ್ನು ಕೊನೆಯವರೆಗೂ ಮರೆಯಲಿಲ್ಲ.

ಶಾಲೆಯ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದರೆ ನಾನು ಓಲಾಡುತ್ತಿದ್ದೆ, ಶಿಸ್ತಿಲ್ಲ ಎಂದು ಏಟು ಬೀಳುತ್ತಿತ್ತು. ರವಿಕೆಯ ಹುಕ್ಕು, ಬೀಗದ ಕೈ, ಬೆಂಕಿಕಡ್ಡಿ ಇವತ್ತಿಗೂ ಕಷ್ಟ. ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. ಆದರೆ ವ್ಯಾಯಾಮ, ಬೂಟಿನೊಳಗೆ ಕೂರುವ ಪಾದದ ಪಟ್ಟಿ, ಬೇಕಾದರೆ ಶಸ್ತ್ರಚಿಕಿತ್ಸೆ, ಇಷ್ಟರಿಂದ ಎಷ್ಟೋ ಸುಧಾರಿಸುತ್ತದೆ. ಪಟ್ಟಿ ಹಾಕಿಕೊಂಡೇ ನಾನು ಬೋರ್ಡಿನ ಮುಂದೆ ನಿಂತು ಪಾಠ ಮಾಡುತ್ತೇನೆ.

ಹೆಚ್ಚು ಕಂಡುಬರುವ ಬಗೆಯಲ್ಲಿ ತಂದೆ ಅಥವಾ ತಾಯಿಗೆ ಕಾಯಿಲೆಯಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಹೆಣ್ಣೆಂಬ ಭೇದವಿಲ್ಲ. ಇನ್ನು ಕೆಲವು ಬಗೆಗಳು ತಂದೆ-ತಾಯಿ ಇಬ್ಬರಲ್ಲೂ ಅಡಗಿದ್ದು ಮಗುವಿನಲ್ಲಿ ಕಾಣಿಸಿಕೊಳ್ಳುತ್ತವೆ. ಸೋದರಮಾವನಿಗೇ ಹೆಣ್ಣು ಕೊಡುವ ಮನೆಗಳಲ್ಲಿ ಆ ಅಪಾಯ ಜಾಸ್ತಿ. ಇದನ್ನು ನಾಗದೋಷವೆಂದು, ಸೊಸೆಯ ಕಾಲ್ಗುಣವೆಂದು ಹೇಳುವುದು ಅನ್ಯಾಯ.

ಮದುವೆ ಮುರಿದೀತೆಂಬ ಭಯಕ್ಕೆ ಮನೆಯವರು ಕಾಯಿಲೆಯನ್ನು ಮುಚ್ಚಿಡುತ್ತಾರೆ. ಆ ಭಯ ಸುಳ್ಳಲ್ಲ, ನನ್ನ ತಂಗಿಯ ಒಂದು ಸಂಬಂಧ ಹಾಗೇ ತಪ್ಪಿತು. ಆದರೆ ಮುಚ್ಚಿಟ್ಟರೆ ಜೀವಕ್ಕೇ ಕುತ್ತು ಬರಬಹುದು. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧ ಈ ಕಾಯಿಲೆಯವರ ಕೈಕಾಲನ್ನು ಕೆಲವೇ ವಾರಗಳಲ್ಲಿ ಪಾರ್ಶ್ವವಾಯು ಬಡಿದಂತೆ ಮಾಡಬಲ್ಲದು. ಮನೆಯವರು ಹೇಳದಿದ್ದರೆ ವೈದ್ಯರಿಗೆ ತಿಳಿಯುವುದು ಹೇಗೆ? ನಮ್ಮ ಮನೆಯ ಮಕ್ಕಳ ಆಸ್ಪತ್ರೆ ಫೈಲಿನ ಮೊದಲ ಪುಟದಲ್ಲೇ ಕಾಯಿಲೆಯ ಹೆಸರನ್ನೂ ಆ ಔಷಧದ ಹೆಸರನ್ನೂ ಕೆಂಪು ಶಾಯಿಯಲ್ಲಿ ಬರೆದಿದ್ದೇವೆ. ಈ ಕಾಯಿಲೆಯಿರುವ ಪ್ರತಿ ಮನೆಯವರೂ ಬರೆದಿಡಿ. ಮದುವೆಗೆ ಮುಂಚೆಯೇ ಬೀಗರಿಗೂ ತೋರಿಸಿ.